ನನ್ನ ಬೇಸಿನ್ ನೋಡಲು ಜಪಾನಿಗೆ ಹೋದೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ವಿದೇಶ ಪ್ರವಾಸದ ಹುಚ್ಚಿನ ಬಗ್ಗೆ ಬರೆದಿದ್ದರು. ಹಂಪಿ, ಬಾದಾಮಿ ನೋಡದವರೆಲ್ಲ ಸಾಲ ಮಾಡಿ ಸಿಂಗಾಪುರಕ್ಕೆ ಹೋಗುತ್ತಾರೆ, ಫೋಟೊ ಹಾಕುತ್ತಾರೆ, ಅದರಿಂದ ಅವರಿಗೂ ಲಾಭವಿಲ್ಲ, ಊರಿಗೂ ಲಾಭವಿಲ್ಲ ಎಂಬುದು ಅವರ ವಾದ. ಓದಿ ನಕ್ಕೆ. ಯಾಕಂದರೆ ಹೋದ ವರ್ಷದವರೆಗೆ ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ನಮ್ಮ ಬೀದಿಯ ಒಬ್ಬರು ಏಳು ದಿನಕ್ಕೆ ಐದು ದೇಶ ನೋಡಿ ಬಂದಿದ್ದರು. ಫೋಟೊ ತೋರಿಸುವಾಗ ಇದು ಯಾವ ದೇಶ ಎಂದು ಹೆಂಡತಿಯನ್ನು ಕೇಳಬೇಕು!

ಆದರೆ ನವೆಂಬರ್‌ನಲ್ಲಿ ನಾನೇ ಜಪಾನಿಗೆ ಹೋಗಿ ಬಂದೆ. ಅದರಿಂದ ನನಗೂ ನನ್ನ ಹತ್ತಿರ ಕೆಲಸ ಮಾಡುವ ಹದಿನಾಲ್ಕು ಜನರಿಗೂ ಏನಾಯಿತು ಎಂದು ಆ ಓದುಗರಿಗೆ ಹೇಳಬೇಕು ಅನ್ನಿಸಿತು. ಪತ್ರ ಉದ್ದವಾದರೆ ಕತ್ತರಿಸಿ. ಹೆಸರು ಮಾತ್ರ ಹಾಕಬೇಡಿ, ಮಾರ್ಕೆಟ್‌ನಲ್ಲಿ ಕಾಲೆಳೆಯುತ್ತಾರೆ.

ನಾನು ಶಿಡ್ಲಘಟ್ಟದ ರೀಲರ್. ರೈತರು ಬೆಳೆದ ರೇಷ್ಮೆ ಗೂಡನ್ನು ಹರಾಜಿನಲ್ಲಿ ಹಿಡಿದು, ಬಿಸಿನೀರಲ್ಲಿ ಬೇಯಿಸಿ, ಎಳೆ ಬಿಚ್ಚಿ ನೂಲು ಮಾಡುವುದು ನಮ್ಮ ಕಸುಬು. ಆ ಬಿಸಿನೀರಿನ ತೊಟ್ಟಿಗೇ ಬೇಸಿನ್ ಅನ್ನುವುದು. ಮನೆಯಲ್ಲಿ ತೆಲುಗು, ಮಾರ್ಕೆಟ್‌ನಲ್ಲಿ ಉರ್ದು, ಓದುವುದು ಬರೆಯುವುದು ಕನ್ನಡ. ನಮ್ಮ ಕಡೆ ಎಲ್ಲರೂ ಹೀಗೇ. ನಮ್ಮಪ್ಪನಿಗೆ ಎರಡು ಚರಕ ಇದ್ದವು. ನಾನು ಕಾಟೇಜ್ ಬೇಸಿನ್ ಎಂಬ ಸಣ್ಣ ಯಂತ್ರ ಹಾಕಿದೆ, ಆಮೇಲೆ ಸಾಲ ಮಾಡಿ ಹತ್ತು ಬೇಸಿನ್ನಿನ, ಒಟ್ಟಿಗೆ ಹಲವು ಎಳೆ ಬಿಚ್ಚುವ ಮಲ್ಟಿ ಎಂಡ್ ಮೆಷಿನ್ ತಂದೆ. ನಲವತ್ತು ವರ್ಷವಾಯಿತು. ನನ್ನ ಬೆರಳ ತುದಿಗಳಲ್ಲಿ ಗೆರೆಯೇ ಇಲ್ಲ. ಆಧಾರ್ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದಕ್ಕೆ ನನ್ನ ಗುರುತೇ ಸಿಗುವುದಿಲ್ಲ.

ಎರಡು ವರ್ಷದಿಂದ ಬೇಜಾರು ಹಿಡಿದಿತ್ತು. ಗೂಡಿನ ರೇಟು ಏರಿದ ದಿನ ನೂಲಿನ ರೇಟು ಇಳಿದಿರುತ್ತದೆ. ಸಾವಿರದ ಮುನ್ನೂರು ಅಡಿ ಕೊರೆಸಿದ ಬೋರು ಬೇಸಿಗೆಯಲ್ಲಿ ಕೈ ಕೊಟ್ಟಿತು. ಹರಾಜು ಮೊಬೈಲಿಗೆ ಬಂದ ಮೇಲಂತೂ ಮಾರ್ಕೆಟ್ಟಿಗೆ ಹೋಗುವುದನ್ನೇ ಬಿಟ್ಟೆ, ತಮ್ಮನ ಮಗ ಹೋಗುತ್ತಿದ್ದ. ನಾನು ಮನೆಯಲ್ಲಿ ಟಿವಿ ಮುಂದೆ. ಡಾಕ್ಟರು ಬಿಪಿ ನೋಡಿದರು, ಶುಗರ್ ನೋಡಿದರು, ಎಲ್ಲ ಸರಿಯಿದೆ ಎಂದರು. ಗುಜರಿಯವನನ್ನು ಕರೆಸಿ ಬೇಸಿನ್ ತೋರಿಸಿದ್ದೂ ಆಯಿತು. ಅವನು ಸುತ್ತ ಒಂದು ಸಲ ನಡೆದು, ಕಣ್ಣಲ್ಲೇ ತೂಕ ಹಾಕಿ ರೇಟು ಹೇಳಿದ. ಅಪ್ಪನ ಚರಕ ಮೂಲೆಯಲ್ಲಿತ್ತು. ಅದು ಸೌದೆಗೆ ಎಂದ.

ಆಗ ಮಗಳು ಟಿಕೆಟ್ ಕಳಿಸಿದಳು. ಟೋಕಿಯೊದಲ್ಲಿ ಕಂಪ್ಯೂಟರ್ ಕೆಲಸ, ನಿಶಿಕಸಾಯ್ ಎಂಬ ಕಡೆ ಮನೆ. ಅಲ್ಲಿ ನಮ್ಮ ದೇಶದವರು ಜಾಸ್ತಿ, ತೊಗರಿಬೇಳೆ ಕರಿಬೇವು ಎಲ್ಲ ಸಿಗುತ್ತದೆ. ರಾಗಿಹಿಟ್ಟು ಮಾತ್ರ ನಾನು ಹೊತ್ತುಕೊಂಡು ಹೋಗಿದ್ದೆ. ಮೊದಲ ಎಂಟು ದಿನ ಅವಳು ಟವರ್ ತೋರಿಸಿದಳು, ದೇವಸ್ಥಾನ ತೋರಿಸಿದಳು, ಕೆಂಪಗೆ ತಿರುಗಿದ ಮರ ತೋರಿಸಿದಳು. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಬೇಜಾರು ಎಲ್ಲಿತ್ತೋ ಅಲ್ಲೇ ಇತ್ತು. ಊರಲ್ಲಿ ಟಿವಿ ಮುಂದೆ ಕೂರುತ್ತಿದ್ದವನು ಅಲ್ಲಿ ಕಿಟಕಿ ಮುಂದೆ ಕೂತೆ, ಅಷ್ಟೇ. ಅಲ್ಲಿಗೇ ವಾಪಸ್ ಬಂದಿದ್ದರೆ ನಿಮ್ಮ ಆ ಓದುಗರ ಪಕ್ಕ ನಿಂತು ನಾನೂ ಸಹಿ ಹಾಕುತ್ತಿದ್ದೆ.

ಒಂಬತ್ತನೇ ದಿನ ಮಗಳು, "ಅಪ್ಪ, ನಾಳೆ ನಿನ್ ಕಸುಬು ನೋಡೋಕೆ ಹೋಗೋಣ" ಅಂದಳು.

ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ತಕಸಾಕಿ, ಸುಮಾರು ಒಂದು ಗಂಟೆ. ಅಲ್ಲಿಂದ ಎರಡೇ ಬೋಗಿಯ ಪುಟ್ಟ ರೈಲು. ಅದರಲ್ಲಿ ಶಾಲೆ ಮಕ್ಕಳು, ತರಕಾರಿ ಚೀಲ ಹಿಡಿದ ಮುದುಕಿಯರು. ನಮ್ಮ ಚಿಂತಾಮಣಿ ಬಸ್ಸಿನ ಹಾಗೆ, ಗಲಾಟೆ ಮಾತ್ರ ಇಲ್ಲ. ಆ ಸೀಮೆಯ ಹೆಸರು ಗುನ್ಮ. ಹಿಂದೆ ಎಲ್ಲಿ ನೋಡಿದರೂ ಹಿಪ್ಪುನೇರಳೆಯಂತೆ. ಈಗ ಹೊಲದಲ್ಲಿ ಕೊನ್ಯಾಕು ಎಂಬ ಗಡ್ಡೆ ಬೆಳೆಯುತ್ತಾರೆ. ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ನೋಡಿದರೆ ನಮ್ಮ ಸುವರ್ಣಗಡ್ಡೆಯ ದಾಯಾದಿ! 1930ರ ಸುಮಾರಿಗೆ ಜಪಾನಿನಲ್ಲಿ ರೇಷ್ಮೆ ಹುಳ ಸಾಕುವ ಮನೆಗಳು 20 ಲಕ್ಷಕ್ಕೂ ಮೇಲೆ ಇದ್ದವು. ಈಗ ಇಡೀ ದೇಶದಲ್ಲಿ ಇನ್ನೂರೂ ಇಲ್ಲ. ನಮ್ಮ ತಾಲ್ಲೂಕಿನ ಒಂದೆರಡು ದೊಡ್ಡ ಊರು ಸೇರಿಸಿದರೆ ಅದಕ್ಕಿಂತ ಜಾಸ್ತಿ ಆಗಬಹುದು.

ಇಳಿದ ಊರು ತೊಮಿಯೊಕ. ಅಲ್ಲಿ 1872ರಲ್ಲಿ ಜಪಾನ್ ಸರ್ಕಾರ ಕಟ್ಟಿದ ಫಿಲೇಚರ್, ಅಂದರೆ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ಇದೆ. 1987ರಲ್ಲಿ ನಿಂತಿತು, 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಒಳಗೆ ಹೋಗಲು 1000 ಯೆನ್. ನಾನು ಬೆಳಗ್ಗೆ ಎದ್ದು ಪುಕ್ಕಟೆ ನೋಡುವುದನ್ನೇ ಇಲ್ಲಿ ದುಡ್ಡು ಕೊಟ್ಟು ನೋಡಬೇಕಾ ಎಂದು ಗೊಣಗಿದೆ. ಮಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಕಾಣುವುದು ಗೂಡಿನ ಗೋದಾಮು. ಇಟ್ಟಿಗೆ ಗೋಡೆ, ಮರದ ಚೌಕಟ್ಟು, ಎರಡು ಅಂತಸ್ತು, ಉದ್ದ 104 ಮೀಟರ್. ಎದುರಿಗೆ ಅಂಥದ್ದೇ ಇನ್ನೊಂದು. ಬಂದವರೆಲ್ಲ ಇಟ್ಟಿಗೆಯ ಫೋಟೊ ತೆಗೆಯುತ್ತಿದ್ದರು. ನನಗೆ ಬೇರೆ ಪ್ರಶ್ನೆ. ಇಷ್ಟು ದೊಡ್ಡ ಗೋದಾಮು ಯಾಕೆ? ನಾವು ಇವತ್ತು ಹಿಡಿದ ಲಾಟನ್ನು ನಾಲ್ಕೈದು ದಿನದಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ಕೇಳಿದಾಗ ಗೊತ್ತಾಯಿತು. ಅಲ್ಲಿ ಚಳಿ, ಆಗ ಬೆಳೆ ಬರುತ್ತಿದ್ದುದು ವರ್ಷದಲ್ಲಿ ಕೆಲವೇ ತಿಂಗಳು. ಆ ಗೂಡನ್ನು ಒಣಗಿಸಿ ತುಂಬಿಟ್ಟು ವರ್ಷವಿಡೀ ಬಿಚ್ಚುತ್ತಿದ್ದರು. ನಮಗೆ ಬಿಸಿಲು ಜಾಸ್ತಿ, ಸೊಪ್ಪು ಜಾಸ್ತಿ, ತಿಂಗಳು ತಿಂಗಳೂ ಗೂಡು. ಅದಕ್ಕೇ ನಾವು ಗೋದಾಮು ಕಟ್ಟಲಿಲ್ಲ. ಅದಕ್ಕೇ ನಮಗೆ ರಜೆಯೂ ಇಲ್ಲ. ಈ ಎರಡಕ್ಕೂ ನಂಟಿದೆ ಎಂದು ನಲವತ್ತು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಆಮೇಲೆ ನೂಲು ಬಿಚ್ಚುವ ಹಾಲ್. ಸುಮಾರು 140 ಮೀಟರ್ ಉದ್ದ, ನಡುವೆ ಒಂದು ಕಂಬವೂ ಇಲ್ಲ. ಶುರುವಿನಲ್ಲಿ ಇಲ್ಲಿ 300 ಬೇಸಿನ್ ಇದ್ದವು, ಒಂದೊಂದಕ್ಕೆ ಎರಡು ಎಳೆ. ನಿಂತಲ್ಲೇ ಲೆಕ್ಕ ಹಾಕಿದೆ. ಅವರದು ಆರುನೂರು ಎಳೆ. ನನ್ನದು ಹತ್ತು ಬೇಸಿನ್, ಒಂದಕ್ಕೆ ಹತ್ತರಂತೆ ನೂರು ಎಳೆ. ಪ್ರಪಂಚ ನೋಡಲು ಬರುವ ಕಾರ್ಖಾನೆಯ ಆರರಲ್ಲಿ ಒಂದು ಪಾಲು ನಮ್ಮ ಹಿತ್ತಲಲ್ಲಿದೆ! ಮಗಳಿಗೆ ಹೇಳಿದೆ, ಜೋರಾಗಿ ನಕ್ಕಳು. ಪಕ್ಕದವರು ತಿರುಗಿ ನೋಡಿದರು.

ಹಾಲಿನಲ್ಲಿ ಈಗ ಇರುವುದು ಕೊನೆಗಾಲದ ಆಟೋಮ್ಯಾಟಿಕ್ ಮೆಷಿನ್‌ಗಳು. ಕಾರು ಮಾಡುವ ನಿಸ್ಸಾನ್ ಹೆಸರೇ ಅದರ ಮೇಲಿದೆ. ನಮ್ಮೂರಿಗೆ ಈಗ ಚೀನಾದಿಂದ ಬರುತ್ತಿರುವುದೂ ಹೆಚ್ಚುಕಡಿಮೆ ಇದೇ ಮಾದರಿ. ಸಾಲಾಗಿ ನಿಂತಿವೆ, ಆ ತುದಿ ಈ ತುದಿ ಕಾಣದಷ್ಟು. ಸದ್ದಿಲ್ಲ. ಹಬೆಯಿಲ್ಲ. ವಾಸನೆಯಿಲ್ಲ. ನಮ್ಮ ಕಸುಬಿನ ವಾಸನೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಬೆಂದ ಹುಳದ ವಾಸನೆ ಬಟ್ಟೆಗೆ ಹತ್ತಿದರೆ ಮೂರು ಸಲ ಒಗೆದರೂ ಹೋಗಲ್ಲ. ಮದುವೆ ಮನೆಯಲ್ಲಿ ದೂರ ಕೂರುವವರನ್ನು ನೋಡಿದ್ದೇನೆ. ಆ ವಾಸನೆ ಬೇಡ ಎಂದು ಜನ್ಮವಿಡೀ ಅಂದುಕೊಂಡವನು ಅಲ್ಲಿ ನಿಂತು ಅದನ್ನೇ ಹುಡುಕಿದೆ. ಒಂಥರಾ ಆಯಿತು. ಯಾರದೋ ಮನೆಗೆ ಹೋದಾಗ ಅವರಿಲ್ಲ, ಚಪ್ಪಲಿ ಮಾತ್ರ ಬಾಗಿಲಲ್ಲಿದ್ದ ಹಾಗೆ.

ತಲೆಯೆತ್ತಿ ನೋಡಿದೆ. ಛಾವಣಿಯ ನೆತ್ತಿಯ ಮೇಲೆ ಇನ್ನೊಂದು ಸಣ್ಣ ಛಾವಣಿ, ಮಧ್ಯೆ ಸಂದು. ಹಬೆ ಹೋಗಲು ಮಾಡಿದ್ದು. ಎರಡೂ ಕಡೆ ಗೋಡೆ ತುಂಬಾ ಗಾಜಿನ ಕಿಟಕಿ. ಕರೆಂಟು ಇಲ್ಲದ ಕಾಲ, ಹಗಲು ಬೆಳಕಲ್ಲೇ ಕೆಲಸ ಆಗಬೇಕಿತ್ತು. ಗಾಜನ್ನು ಫ್ರಾನ್ಸಿನಿಂದ ತರಿಸಿದ್ದರು. ನನ್ನ ಶೆಡ್ ನೆನಪಾಯಿತು. ತಗ್ಗು ಶೀಟು, ಒಂದೇ ಕಿಟಕಿ, ಅದಕ್ಕೂ ಗೂಡಿನ ಬುಟ್ಟಿ ಅಡ್ಡ. ಹಬೆಯಲ್ಲಿ ಎದುರಿನವರ ಮುಖ ಕಾಣಲ್ಲ. ಅದು ಹಾಗೇ ಇರಬೇಕು, ರೇಷ್ಮೆ ಎಂದರೆ ಹಾಗೇ ಎಂದುಕೊಂಡಿದ್ದೆ. ನೂರೈವತ್ತು ವರ್ಷದ ಹಿಂದೆಯೇ ಹಾಗಿರಬೇಕಾಗಿಲ್ಲ ಎಂದು ಯಾರೋ ಕಟ್ಟಿ ತೋರಿಸಿದ್ದಾರೆ.

ಇನ್ನೊಂದು ಹೇಳಲೇಬೇಕು. ಸರ್ಕಾರದ ಪರವಾಗಿ ಈ ಕಾರ್ಖಾನೆ ಕಟ್ಟಿಸಿದವನು ಪಾಲ್ ಬ್ರೂನಾ ಎಂಬ ಫ್ರೆಂಚ್ ರೇಷ್ಮೆ ತಜ್ಞ. ಅವನ ಜತೆ ಫ್ರಾನ್ಸಿನಿಂದ ಕೆಲಸ ಕಲಿಸುವ ಹೆಂಗಸರೂ ಬಂದಿದ್ದರು. ಅವರು ಕೆಂಪು ವೈನ್ ಕುಡಿಯುವುದನ್ನು ಕಂಡು ಊರವರು, ಇವರು ಹೆಣ್ಣುಮಕ್ಕಳ ರಕ್ತ ಕುಡಿಯುತ್ತಾರೆ ಎಂದು ಸುದ್ದಿ ಹಬ್ಬಿಸಿದರು. ಒಬ್ಬಳೂ ಕೆಲಸಕ್ಕೆ ಬರಲಿಲ್ಲ. ಆಗ ಅಲ್ಲಿನ ಮೊದಲ ಮುಖ್ಯಸ್ಥ ಒಡಾಕ ಎಂಬುವನು ತನ್ನ ಮಗಳನ್ನೇ ತಂದು ಮೊದಲ ಕೆಲಸಗಾರ್ತಿಯಾಗಿ ಕೂರಿಸಿದ. ಆಮೇಲೆ ದೊಡ್ಡ ದೊಡ್ಡ ಮನೆತನದ ಹುಡುಗಿಯರು ಬಂದರು, ಕಲಿತು ತಮ್ಮ ಊರಿಗೆ ಹೋಗಿ ಬೇರೆಯವರಿಗೆ ಕಲಿಸಿದರು. ಇದನ್ನೆಲ್ಲ ಮಗಳು ಬೋರ್ಡು ಓದಿ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಮುಖ್ಯಸ್ಥನ ಮಗಳ ಕತೆ ಬಂದಾಗ ನಿಲ್ಲಿಸಿದಳು.

"ನೀನು ನನ್ನನ್ನ ಶೆಡ್ ಒಳಗೇ ಬಿಡ್ತಿರಲಿಲ್ಲ ಅಲ್ವಾ ಅಪ್ಪ."

ನಿಜ. ನನ್ನ ಮಗಳ ಕೈ ಬಿಸಿನೀರಿಗೆ ಇಳಿಯಬಾರದು ಎಂಬುದೇ ನನ್ನ ಹೆಮ್ಮೆಯಾಗಿತ್ತು. ಬೇರೆಯವರ ಹೆಣ್ಣುಮಕ್ಕಳ ಕೈ ಇಳಿಯುತ್ತಿದ್ದವಲ್ಲ, ಅದರ ಬಗ್ಗೆ ಯೋಚನೆ ಮಾಡಿರಲಿಲ್ಲ. ಉತ್ತರ ಕೊಡದೆ ಮುಂದಿನ ಬೋರ್ಡಿಗೆ ಹೋದೆ. ಅದರಲ್ಲಿ ಬರೆದಿದ್ದೇ ಬೇರೆ ಕತೆ. 1870ರ ದಶಕದಲ್ಲಿ ಇಲ್ಲಿನ ಹೆಂಗಸರಿಗೆ ದಿನಕ್ಕೆ ಸುಮಾರು ಎಂಟು ಗಂಟೆ ಕೆಲಸ, ಭಾನುವಾರ ರಜೆ, ಆವರಣದಲ್ಲೇ ಡಾಕ್ಟರು. ಎಲ್ಲ ಕಡೆ ಹೀಗೆ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಬಂದ ಖಾಸಗಿ ಮಾಲೀಕರ ಫಿಲೇಚರ್‌ಗಳಲ್ಲಿ ಹುಡುಗಿಯರನ್ನು ಹದಿಮೂರು ಹದಿನಾಲ್ಕು ಗಂಟೆ ದುಡಿಸಿದ್ದಾರೆ. ಆದರೂ ಆ ಎಂಟು ಗಂಟೆ ಮತ್ತು ಭಾನುವಾರ ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಹೊರಗೆ ಬರುವ ಮುಂಚೆ ಒಂದು ಕೋಣೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮ್ಮ ಕೈಚರಕದಲ್ಲಿ ನೂಲು ತೆಗೆದು ತೋರಿಸುತ್ತಿದ್ದರು. ಅಲ್ಲಿ ಸಿಕ್ಕಿತು ವಾಸನೆ! ಪುಟ್ಟ ಬಾಣಲೆಯಲ್ಲಿ ಗೂಡು, ಭತ್ತದ ಹುಲ್ಲಿನ ಕಿರುಪೊರಕೆ. ಪೊರಕೆ ಆಡಿಸಿ ಎಳೆಯ ತುದಿ ಹಿಡಿಯುತ್ತಾರೆ. ಅದೇ ಕೆಲಸವನ್ನು ನಮ್ಮಪ್ಪ ಕಡ್ಡಿಯಲ್ಲಿ ಮಾಡುತ್ತಿದ್ದ. ನಾನು ಬಗ್ಗಿ ಬಗ್ಗಿ ನೋಡುವುದನ್ನು ಕಂಡು ಆಯಮ್ಮ ಪೊರಕೆ ನನ್ನ ಕೈಗೆ ಕೊಟ್ಟರು. ನಾನು ಪೊರಕೆ ಪಕ್ಕಕ್ಕಿಟ್ಟು ಬೆರಳನ್ನೇ ನೀರಿಗೆ ಇಳಿಸಿದೆ. ಅಭ್ಯಾಸ. ಅವರು ಗಾಬರಿಯಾಗಿ "ಅಯ್ಯಯ್ಯೋ" ಅನ್ನುವ ಥರ ಏನೋ ಅಂದರು. ಎಳೆ ಬಂತು. ಎಷ್ಟು ಗೂಡು ಸೇರಿಸುತ್ತೀಯ ಎಂದು ಕೈಸನ್ನೆಯಲ್ಲಿ ಕೇಳಿದರು, ಎಂಟು ಬೆರಳು ತೋರಿಸಿದೆ. ತಲೆಯಾಡಿಸಿದರು. ಆಮೇಲೆ ನನ್ನ ಕೈ ಹಿಡಿದು, ತಿರುಗಿಸಿ, ಬೆರಳ ತುದಿ ನೋಡಿ, ಪಕ್ಕದ ಕೋಣೆಯಲ್ಲಿದ್ದವರನ್ನೆಲ್ಲ ಕೂಗಿ ಕರೆದರು. ಏನಂದರು ಎಂದು ಮಗಳನ್ನು ಕೇಳಿದೆ. "ಬನ್ನಿ ಬನ್ನಿ, ನಿಜವಾದ ರೀಲರ್ ಬಂದಿದ್ದಾರೆ" ಅಂದರಂತೆ.

ಸಂಪಾದಕರೇ, ನಲವತ್ತು ವರ್ಷದಲ್ಲಿ ನನ್ನನ್ನು ಯಾರೂ ಯಾರಿಗೂ ಹಾಗೆ ಕರೆದು ತೋರಿಸಿರಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಮಗಳು ಮೊಬೈಲಿನಲ್ಲಿ ಹುಡುಕಿ ಹುಡುಕಿ ಹೇಳುತ್ತಿದ್ದಳು. ಯುರೋಪಿನಲ್ಲಿ ಗಂಟುರೋಗ ಬಂದು ರೇಷ್ಮೆ ಹುಳ ಸತ್ತಿದ್ದರಿಂದ ಅಲ್ಲಿಯ ವ್ಯಾಪಾರಿಗಳು ಜಪಾನಿಗೆ ಬಂದರು. ಜಪಾನಿನವರು ಫ್ರೆಂಚರಿಂದ ಕಲಿತರು. ಜೆಮ್ಶೆಡ್‌ಜಿ ಟಾಟಾ 1893ರಲ್ಲಿ ಜಪಾನಿಗೆ ಹೋಗಿ ಬಂದವರು, ಆಮೇಲೆ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿಸಿದರು. ಬಸವನಗುಡಿ ಹತ್ತಿರ ಈಗಲೂ ಟಾಟಾ ಸಿಲ್ಕ್ ಫಾರಂ ಎಂದೇ ಕರೆಯುತ್ತಾರೆ. ಮಗಳ ಕಾಲೇಜಿನ ಫೀಸು ಕಟ್ಟಲು ಹೋದಾಗಲೆಲ್ಲ ನಾನು ಆ ಸ್ಟಾಪಿನಲ್ಲೇ ಇಳಿಯುತ್ತಿದ್ದೆ. ಹೆಸರು ಯಾಕೆ ಬಂತು ಎಂದು ಒಮ್ಮೆಯೂ ಕೇಳಲಿಲ್ಲ, ರೇಷ್ಮೆಯಲ್ಲೇ ಹುಟ್ಟಿದವನು! 1990ರ ದಶಕದಲ್ಲಿ ಮತ್ತೆ ಜಪಾನಿನವರು ಮೈಸೂರಿಗೆ ಬಂದು ನಮ್ಮ ವಿಜ್ಞಾನಿಗಳ ಜತೆ ಬಿಳಿ ಗೂಡು ಕಟ್ಟುವ, ಬೈವೋಲ್ಟೈನ್ ಎಂಬ ಹುಳದ ತಳಿಗಳ ಮೇಲೆ ಕೆಲಸ ಮಾಡಿದರು. ಇವತ್ತು ನನ್ನ ಬೇಸಿನ್ನಿಗೆ ಬೀಳುವ ಬಿಳಿ ಗೂಡಿನ ಹಿಂದೆ ಇಷ್ಟು ಜನರ ಓಡಾಟವಿದೆ. ಎಲ್ಲರೂ ಅವರವರ ಊರಲ್ಲೇ ಕೂತಿದ್ದರೆ ನಾನು ಬಹುಶಃ ಈಗಲೂ ಅಪ್ಪನ ಚರಕ ತಿರುಗಿಸುತ್ತಿದ್ದೆ.

ಇನ್ನು ಊರಿಗೆ ಬಂದ ಮೇಲಿನ ಕತೆ. ಅದೇನೂ ಸಲೀಸಾಗಿ ಆಗಲಿಲ್ಲ.

ಮೊದಲು ಗುಜರಿಯವನಿಗೆ ಫೋನ್ ಮಾಡಿ ಬೇಡ ಅಂದೆ. ತೊಮಿಯೊಕದ ಫಿಲೇಚರನ್ನು ಕೊನೆಗೆ ನಡೆಸಿದ ಕತಕುರ ಕಂಪನಿ, ಮುಚ್ಚಿದ ಮೇಲೂ ಹದಿನೆಂಟು ವರ್ಷ ಅದನ್ನು ಮಾರಲಿಲ್ಲ, ಬಾಡಿಗೆಗೆ ಕೊಡಲಿಲ್ಲ, ಕೆಡವಲಿಲ್ಲ. ಸುಮ್ನೆ ಕಾಪಾಡಿ 2005ರಲ್ಲಿ ಊರಿಗೆ ಒಪ್ಪಿಸಿತು. ನಾನು ಅಷ್ಟು ದೊಡ್ಡವನಲ್ಲ, ಆದರೆ ಒಂದು ಚರಕ ಇಟ್ಟುಕೊಳ್ಳಬಲ್ಲೆ. ಒರೆಸಿ, ಎಣ್ಣೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಮಾರ್ಕೆಟ್ಟಿಗೆ ಮತ್ತೆ ನಾನೇ ಹೋಗುತ್ತಿದ್ದೇನೆ.

ಆಮೇಲೆ ಛಾವಣಿ. ಶೀಟು ಹಾಕುವವನಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿ, ನೆತ್ತಿಯಲ್ಲಿ ಸಂದು ಬಿಟ್ಟು ಮೇಲೊಂದು ಸಣ್ಣ ಛಾವಣಿ ಮಾಡು ಅಂದೆ. ಮಳೆ ಒಳಗೆ ಬರುತ್ತೆ ಎಂದು ವಾದ ಮಾಡಿದ. ಒಂದೂವರೆ ಶತಮಾನದಿಂದ ಬಂದಿಲ್ಲ ಕಣಯ್ಯಾ ಅಂದೆ. ಮೂರು ಕಿಟಕಿಯನ್ನೂ ಸೇರಿಸಿ ಒಂದು ಲಕ್ಷದ ಮೇಲೆ ಖರ್ಚಾಯಿತು. ಮೊದಲ ಮಳೆಗೆ ಸ್ವಲ್ಪ ಬಂತು, ಸುಳ್ಳು ಹೇಳಲ್ಲ. ಸರಿ ಮಾಡಿಸಿದೆವು. ಈಗ ಹತ್ತನೇ ಬೇಸಿನ್ನಿನಲ್ಲಿ ಕೂತವರ ಮುಖ ಮೊದಲನೆಯದರಿಂದ ಕಾಣುತ್ತದೆ.

ಭಾನುವಾರದ ವಿಷಯದಲ್ಲಿ ನಾನು ಸರಿಯಾಗಿ ಬೈಸಿಕೊಂಡೆ. ದೊಡ್ಡ ಮನುಷ್ಯನ ಹಾಗೆ ಎಲ್ಲರನ್ನೂ ಕರೆದು ಇನ್ನು ಮೇಲೆ ಭಾನುವಾರ ರಜೆ ಎಂದೆ. ಯಾರೂ ಖುಷಿಪಡಲಿಲ್ಲ. ನನ್ನ ಹತ್ತಿರ ಇಪ್ಪತ್ತು ವರ್ಷದಿಂದ ಇರುವ ಹಿರಿಯ ಹೆಂಗಸು ಒಬ್ಬರಿದ್ದಾರೆ, ನಾವೆಲ್ಲ ಆಪಾ ಎಂದು ಕರೆಯುತ್ತೇವೆ. ಅವರು ಕೇಳಿದರು: "ರಜೆ ನೀವು ಕೊಡ್ತೀರಾ ಅಣ್ಣಾ, ಆವತ್ತಿನ ಕೂಲಿ ಯಾರು ಕೊಡ್ತಾರೆ? ಜಪಾನಿನವರಾ?" ಮೂರು ದಿನ ಚೌಕಾಸಿ ನಡೆಯಿತು. ತಿಂಗಳಿಗೆ ಎರಡು ಭಾನುವಾರ, ಕೂಲಿ ಸಮೇತ. ಆ ವಾರ ಗೂಡು ಕಡಿಮೆ ಹಿಡಿಯುತ್ತೇನೆ. ಲಾಭ ಸ್ವಲ್ಪ ಇಳಿದಿದೆ. ಪಕ್ಕದ ಫಿಲೇಚರಿನವರು ನೀನು ನಮ್ಮ ಕೆಲಸದವರನ್ನೂ ಹಾಳು ಮಾಡುತ್ತೀಯ ಎಂದು ಜಗಳಕ್ಕೆ ಬಂದಿದ್ದರು.

ಫೋಟೊಗಳನ್ನು ನಮ್ಮ ಕೆಲಸದವರಿಗೂ ತೋರಿಸಿದೆ. ಉದ್ದದ ಹಾಲ್, ಸಾಲು ಮೆಷಿನ್. ಒಬ್ಬಳು ಹುಡುಗಿ ಎರಡು ಬೆರಳಲ್ಲಿ ಫೋಟೊ ದೊಡ್ಡದು ಮಾಡಿ, ಆ ಕಡೆ ಈ ಕಡೆ ಸರಿಸಿ, "ಇಲ್ಲಿ ಕೆಲಸ ಮಾಡೋರು ಎಲ್ಲಿ?" ಎಂದಳು.

ಆ ಓದುಗರಿಗೆ ನನ್ನ ಉತ್ತರ ಇಷ್ಟೇ. ಹಂಪಿ ನೋಡಲೇಬೇಕು, ಒಪ್ಪುತ್ತೇನೆ. ಆದರೆ ವಿದೇಶಕ್ಕೆ ಹೋಗುವವರನ್ನು ತಡೆಯಬೇಡಿ, ನಿಮ್ಮ ಕಸುಬು ಅಲ್ಲಿ ಎಲ್ಲಿದೆ, ಅದನ್ನು ನೋಡಿಕೊಂಡು ಬಾ ಎಂದು ಹೇಳಿ ಕಳಿಸಿ. ಕುಂಬಾರ ಕುಂಬಾರನ ಮನೆಗೆ ಹೋಗಲಿ, ಬಸ್ ಡ್ರೈವರ್ ಅಲ್ಲಿಯ ಡಿಪೋಗೆ ಹೋಗಲಿ. ಹಾಗೆಯೇ ನಿಮ್ಮ ಪತ್ರಿಕೆಯ ಮೂಲಕ ಸರ್ಕಾರಕ್ಕೆ ಒಂದು ಮನವಿ. ರೇಷ್ಮೆ ಹೆಸರಿನಲ್ಲಿ ಮುಂದೆ ಯಾವ ಅಧ್ಯಯನ ತಂಡ ಹೊರದೇಶಕ್ಕೆ ಹೋದರೂ ಅದರಲ್ಲಿ ಒಬ್ಬ ರೀಲರ್, ಬೇಸಿನ್ ಮುಂದೆ ಕೂರುವ ಒಬ್ಬ ಹೆಂಗಸು ಇರಲಿ. ಛಾವಣಿಯ ಸಂದು ಅವರ ಕಣ್ಣಿಗೇ ಮೊದಲು ಬೀಳುವುದು.

ಆಪಾ ಮೊನ್ನೆ ಪಾಸ್‌ಪೋರ್ಟಿಗೆ ಎಷ್ಟಾಗುತ್ತದೆ ಎಂದು ಕೇಳಿದರು. ಸಾವಿರದ ಐನೂರು ಅಂದೆ. ಜಪಾನಿಗಾ ಎಂದು ಕೇಳಿದರೆ ನಕ್ಕರು. ಉಮ್ರಾಗಂತೆ, ಅಂದರೆ ಮೆಕ್ಕಾ ಯಾತ್ರೆಗೆ, ಮಗ ದುಡ್ಡು ಕೂಡಿಡುತ್ತಿದ್ದಾನಂತೆ. ಪಾಸ್‌ಪೋರ್ಟ್ ಆಫೀಸು ಭಾನುವಾರ ಇರಲ್ಲ, ಸೋಮವಾರ ರಜೆ ಬೇಕು ಅಂದರು. ಕೊಟ್ಟಿದ್ದೇನೆ.

ಇಂತಿ,
ಒಬ್ಬ ಹಳೇ ರೀಲರ್
ಶಿಡ್ಲಘಟ್ಟ